ಆಂಜಿಯೋಗ್ರಾಮ್ ಬರೆದುಕೊಟ್ಟಿದ್ದಾರೆ, ಮುಂದೇನು? ಬಳ್ಳಾರಿ ಸೀಮೆಯವರಿಗೆ ಒಂದು ಕೈಪಿಡಿ

ಬಳ್ಳಾರಿಯ ಒಂದು ಆಸ್ಪತ್ರೆಯ ಕ್ಯಾಥ್ ಲ್ಯಾಬ್‌ನಲ್ಲಿ ನಾನು ಟೆಕ್ನಿಷಿಯನ್. ಹೃದಯದ ರಕ್ತನಾಳಗಳ ಚಿತ್ರ ತೆಗೆಯುವ ಯಂತ್ರ ನಡೆಸುವುದು ನನ್ನ ಕೆಲಸ. ಸಿರುಗುಪ್ಪ, ಸಂಡೂರು, ಕಂಪ್ಲಿಯಿಂದ, ಹೊಳೆಯಾಚೆಯ ಗಂಗಾವತಿ, ಸಿಂಧನೂರು, ಮಾನ್ವಿಯಿಂದ ಬರುವವರ ಕೈಯಲ್ಲಿ ಒಂದು ಚೀಟಿ ಇರುತ್ತದೆ. ಅದರಲ್ಲಿ ಡಾಕ್ಟರು 'ಸಿಎಜಿ', ಅಂದರೆ ಹೃದಯದ ಆಂಜಿಯೋಗ್ರಾಮ್ ಎಂದು ಬರೆದಿರುತ್ತಾರೆ. ಅದನ್ನು ಏಕೆ ಬರೆದರು, ಮಾಡುವಾಗ ಏನಾಗುತ್ತದೆ, ಆದ ಮೇಲೆ ಏನು ಕೇಳಬೇಕು ಎಂಬುದು ಹೆಚ್ಚಿನವರಿಗೆ ಗೊತ್ತಿರುವುದಿಲ್ಲ. "ಎದಿ ಕೊಯ್ತಾರೇನ್ರಿ?" ಎಂದು ಕೇಳುವವರು ಇವತ್ತಿಗೂ ಇದ್ದಾರೆ. ಕೊಯ್ಯುವುದಿಲ್ಲ. ಮಣಿಕಟ್ಟಿನಲ್ಲಿ ಸೂಜಿಯಿಂದ ಮಾಡುವ ಒಂದು ಸಣ್ಣ ರಂಧ್ರ, ಅಷ್ಟೇ. ಆದರೆ ಅದಕ್ಕೆ ಮುಂಚೆ, ಅದಾದ ಮೇಲೆ ರೋಗಿಯೂ ಮನೆಯವರೂ ಮಾಡಬೇಕಾದ ಕೆಲಸ ಸಾಕಷ್ಟಿದೆ. ಅದನ್ನು ನಡೆಯುವ ಕ್ರಮದಲ್ಲೇ ಇಲ್ಲಿ ಹೇಳುತ್ತೇನೆ. ನಿಮ್ಮ ಮೈಯ ಸ್ಥಿತಿ ಗೊತ್ತಿರುವುದು ನಿಮ್ಮ ಡಾಕ್ಟರಿಗೆ. ಇಲ್ಲಿರುವುದು ಅವರ ಮುಂದೆ ಕೂತಾಗ ಏನು ಕೇಳಬೇಕು ಎಂಬುದಕ್ಕೆ.

ತುರ್ತೋ ಅಲ್ಲವೋ, ಮೊದಲು ಅದನ್ನು ನೋಡಿ

ಎದೆಯ ನಡುವೆ ಭಾರ ಹೇರಿದಂತೆ, ಹಿಂಡಿದಂತೆ ನೋವು. ಅದು ಎಡಗೈಗೋ, ದವಡೆಗೋ, ಬೆನ್ನಿಗೋ ಹರಿಯುವುದು. ಜೊತೆಗೆ ತಣ್ಣನೆಯ ಬೆವರು, ವಾಂತಿ, ದಮ್ಮು. ಸುಮ್ಮನೆ ಕೂತರೂ ಹತ್ತು ನಿಮಿಷದಲ್ಲಿ ಇಳಿಯಲಿಲ್ಲವೆಂದರೆ ಹಾರ್ಟ್ ಅಟ್ಯಾಕ್ ಎಂದೇ ತಿಳಿದು ಹೊರಡಬೇಕು. ನಮ್ಮ ಕಡೆ ಇದಕ್ಕೆ ಮೊದಲು ಬೀಳುವ ಹೆಸರು 'ಗ್ಯಾಸ್'. ಸೋಡಾ ಕುಡಿಸುತ್ತಾರೆ, ಅಜವಾನ ತಿನ್ನಿಸುತ್ತಾರೆ, ಊರಿನ ಆರ್‌ಎಂಪಿ ಬಂದು ಒಂದು ಇಂಜೆಕ್ಷನ್ ಮಾಡಿ ಹೋಗುತ್ತಾರೆ. ಬೆಳಗಾಗುವಷ್ಟರಲ್ಲಿ ಹೃದಯದ ಸ್ನಾಯುವಿನ ಒಂದು ಭಾಗ ಸತ್ತೇ ಹೋಗಿರುತ್ತದೆ. ಸಕ್ಕರೆ ಕಾಯಿಲೆಯವರಿಗೆ, ಹೆಂಗಸರಿಗೆ, ವಯಸ್ಸಾದವರಿಗೆ ಎದೆನೋವೇ ಇಲ್ಲದೆ ಬರೀ ದಮ್ಮು, ಸುಸ್ತು, ಹೊಟ್ಟೆಯ ಮೇಲ್ಭಾಗದ ಸಂಕಟವಾಗಿ ಬರುವುದೂ ಉಂಟು.

ಇಂಥ ಹೊತ್ತಿನಲ್ಲಿ 108ಕ್ಕೆ ಫೋನ್ ಮಾಡಿ, ಹತ್ತಿರದ ತಾಲ್ಲೂಕು ಆಸ್ಪತ್ರೆಗೆ ಹೋಗಿ, ಮೊದಲು ಇಸಿಜಿ ಮಾಡಿಸಿ. ಕುಷ್ಟಗಿಯಿಂದ ಕಾರು ಮಾಡಿಕೊಂಡು ನೇರವಾಗಿ ಹುಬ್ಬಳ್ಳಿಗೆ, ಲಿಂಗಸುಗೂರಿನಿಂದ ನೇರವಾಗಿ ಹೈದರಾಬಾದಿಗೆ ಓಡುವುದನ್ನು ದಯವಿಟ್ಟು ಬಿಡಿ. ದಾರಿಯಲ್ಲಿ ಕಳೆಯುವ ಗಂಟೆಗಳೇ ಜೀವ ತೆಗೆಯುತ್ತವೆ. ಪುನೀತ್ ರಾಜ್‌ಕುಮಾರ್ ಹೃದಯಜ್ಯೋತಿ ಯೋಜನೆಯಡಿ ತಾಲ್ಲೂಕು ಮತ್ತು ಜಿಲ್ಲಾ ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು ಹೃದಯ ತಜ್ಞರಿರುವ ಕೇಂದ್ರಕ್ಕೆ ಕಳಿಸಿ ಸಲಹೆ ಪಡೆಯುತ್ತಾರೆ. ಬೇಕೆಂದರೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಅಲ್ಲೇ ಉಚಿತವಾಗಿ ಕೊಡುತ್ತಾರೆ. ಹೊರಗೆ ಕೊಂಡರೆ ಹತ್ತಾರು ಸಾವಿರ ರೂಪಾಯಿಯ ಔಷಧಿ ಅದು. ನೋವು ಶುರುವಾದ ಮೊದಲ ಮೂರು ಗಂಟೆಯಲ್ಲಿ ಬಿದ್ದರೆ ಅದರ ಗುಣ ಹೆಚ್ಚು. ಹನ್ನೆರಡು ಗಂಟೆ ದಾಟಿದರೆ ಸಾಮಾನ್ಯವಾಗಿ ಕೊಡುವುದಿಲ್ಲ. ಎರಡು ಗಂಟೆಯೊಳಗೆ ಕ್ಯಾಥ್ ಲ್ಯಾಬ್ ಮುಟ್ಟಿ ನಾಳ ತೆರೆಸಲು ಸಾಧ್ಯವಿದ್ದರೆ ಅದು ಇನ್ನೂ ಒಳ್ಳೆಯದು. ಆದರೆ ಆ ಲೆಕ್ಕ ಹಾಕಬೇಕಾದವರು ಇಸಿಜಿ ನೋಡಿದ ಡಾಕ್ಟರು. ಇಂಜೆಕ್ಷನ್ ಆದ ಮೇಲೂ ಅಲ್ಲಿಗೇ ನಿಲ್ಲಬಾರದು. ಮೂರರಿಂದ ಇಪ್ಪತ್ನಾಲ್ಕು ಗಂಟೆಯೊಳಗೆ ಆಂಜಿಯೋಗ್ರಾಮ್ ಆಗುವಂತೆ ಮುಂದಿನ ಆಸ್ಪತ್ರೆಗೆ ಕಳಿಸಿಕೊಡಲು ಕೇಳಿ.

ಇದು ತುರ್ತಿನ ಮಾತಾಯಿತು. ಇನ್ನು ಮುಂದೆ ಹೇಳುವುದೆಲ್ಲ, ನಡೆದಾಗ ಎದೆ ಹಿಡಿದು ನಿಂತರೆ ಬಿಡುವಂಥ ನೋವಿರುವವರಿಗೆ, ಟಿಎಂಟಿಯಲ್ಲಿ (ನಡೆಸಿ, ಓಡಿಸಿ ನೋಡುವ ಪರೀಕ್ಷೆಯಲ್ಲಿ) ವ್ಯತ್ಯಾಸ ಕಂಡವರಿಗೆ, ಅಂದರೆ ನಾಲ್ಕು ದಿನ ಯೋಚಿಸಲು ಸಮಯ ಇರುವವರಿಗೆ.

ಬೇರೆ ಪರೀಕ್ಷೆಯಲ್ಲಿ ಮುಗಿಯುತ್ತದೆಯೇ ಎಂದು ಕೇಳಿ

ಇಸಿಜಿ ಹೃದಯದ ವಿದ್ಯುತ್ತನ್ನು ಬರೆಯುತ್ತದೆ. ಎಕೋ ಅದರ ಗೋಡೆ, ಕವಾಟ, ಪಂಪಿಂಗ್ ಶಕ್ತಿಯನ್ನು ತೋರಿಸುತ್ತದೆ. ಟಿಎಂಟಿಯಲ್ಲಿ ನಡೆಸಿ, ಓಡಿಸಿ, ದುಡಿಸಿದಾಗ ರಕ್ತ ಸಾಲುತ್ತದೋ ಇಲ್ಲವೋ ನೋಡುತ್ತಾರೆ. ಈ ಮೂರರಲ್ಲಿ ಯಾವುದೂ ರಕ್ತನಾಳವನ್ನೇ ತೋರಿಸುವುದಿಲ್ಲ. ಇಸಿಜಿ ನಾರ್ಮಲ್ ಬಂದಿದೆ, ಬ್ಲಾಕ್ (ನಾಳದೊಳಗಿನ ಅಡ್ಡಿ) ಇಲ್ಲ ಎಂದು ನಂಬಿ ಕೂರುವವರನ್ನು ಬಹಳ ನೋಡಿದ್ದೇನೆ. ವಿಶ್ರಾಂತಿಯಲ್ಲಿ ಇಸಿಜಿ ಸರಿಯಿದ್ದೂ ಒಳಗೆ ದೊಡ್ಡ ಬ್ಲಾಕ್ ಇರಬಹುದು.

ನಾಳವನ್ನೇ ನೋಡುವ ದಾರಿ ಎರಡು. ಒಂದು ಸಿಟಿ ಆಂಜಿಯೋ. ಕೈಯ ಸಿರೆಗೆ ಬಣ್ಣ, ಅಂದರೆ ಅಯೋಡಿನ್ ಇರುವ ಔಷಧಿ ಬಿಟ್ಟು, ಸಿಟಿ ಯಂತ್ರದೊಳಗೆ ಕೆಲವು ಸೆಕೆಂಡು ಉಸಿರು ಹಿಡಿಸಿ ಚಿತ್ರ ತೆಗೆಯುತ್ತಾರೆ. ಅಡ್ಮಿಟ್ ಆಗಬೇಕಿಲ್ಲ. ಬಡಿತ ನಿಮಿಷಕ್ಕೆ ಅರವತ್ತರ ಆಸುಪಾಸಿನಲ್ಲಿದ್ದರೆ ಚಿತ್ರ ಚೊಕ್ಕವಾಗಿ ಬರುತ್ತದೆ. ಅದಕ್ಕಾಗಿ ಮೊದಲೇ ಗುಳಿಗೆ ಕೊಟ್ಟು ಬಡಿತ ಇಳಿಸುತ್ತಾರೆ, ನಾಳ ಹಿಗ್ಗಲು ನಾಲಗೆ ಕೆಳಗೆ ನೈಟ್ರೋಗ್ಲಿಸರಿನ್ ಕೊಡುತ್ತಾರೆ. ವಯಸ್ಸು ಕಡಿಮೆ, ನೋವು ಅಷ್ಟು ಸ್ಪಷ್ಟವಿಲ್ಲ, ಇದೆಯೋ ಇಲ್ಲವೋ ಎಂಬ ಅನುಮಾನವಷ್ಟೇ ಎನ್ನುವವರಿಗೆ ಇದು ಒಳ್ಳೆಯ ಪರೀಕ್ಷೆ. ಸಿಟಿಯಲ್ಲಿ ನಾಳಗಳು ಚೊಕ್ಕ ಕಂಡರೆ ದೊಡ್ಡ ಬ್ಲಾಕ್ ಇಲ್ಲವೆಂದು ಬಹುಮಟ್ಟಿಗೆ ನಂಬಬಹುದು.

ಎಲ್ಲರಿಗೂ ಇದು ಒಗ್ಗುವುದಿಲ್ಲ. ವಯಸ್ಸಾದವರ, ಬಹುಕಾಲದ ಸಕ್ಕರೆ ಕಾಯಿಲೆಯವರ, ಕಿಡ್ನಿ ರೋಗಿಗಳ ನಾಳಗಳಲ್ಲಿ ಸುಣ್ಣ ಕಟ್ಟಿರುತ್ತದೆ. ಸಿಟಿಯಲ್ಲಿ ಅದು ಬೆಳ್ಳಗೆ ಹೊಳೆದು ಬ್ಲಾಕನ್ನು ಇದ್ದದ್ದಕ್ಕಿಂತ ದೊಡ್ಡದಾಗಿ ತೋರಿಸುತ್ತದೆ. ಬಡಿತ ತಾಳ ತಪ್ಪಿದವರಿಗೆ, ಉಸಿರು ಹಿಡಿಯಲಾಗದವರಿಗೆ, ಹಿಂದೆ ಸಣ್ಣ ಸ್ಟೆಂಟ್ (ನಾಳ ತೆರೆದಿಡುವ ಲೋಹದ ಜಾಲರಿ) ಹಾಕಿಸಿಕೊಂಡವರಿಗೆ ಚಿತ್ರ ಕೆಡುತ್ತದೆ. ನೋವು, ಟಿಎಂಟಿ, ಸಕ್ಕರೆ, ಬೀಡಿ-ಗುಟ್ಕಾ ಚಟ ಎಲ್ಲವೂ ಬ್ಲಾಕ್ ಕಡೆಗೇ ಬೆರಳು ತೋರಿಸುತ್ತಿದ್ದರೆ ನೇರವಾಗಿ ಕ್ಯಾಥ್ ಲ್ಯಾಬಿಗೆ ಬರುವುದೇ ಸರಿ. ಇಲ್ಲದಿದ್ದರೆ ಎರಡು ಸಲ ಬಣ್ಣ, ಎರಡು ಸಲ ಖರ್ಚು. ಡಾಕ್ಟರನ್ನು ಕೇಳಬೇಕಾದ ಪ್ರಶ್ನೆ ಇದು: "ಈ ಚಿತ್ರದಿಂದ ನನ್ನ ಚಿಕಿತ್ಸೆಯಲ್ಲಿ ಏನು ಬದಲಾಗುತ್ತದೆ?" ಇದಕ್ಕೆ ನೇರ ಉತ್ತರ ಸಿಕ್ಕಿದರೆ ಧೈರ್ಯವಾಗಿ ಮಾಡಿಸಿ.

ಊರು, ಕಾರ್ಡು, ಕಾಗದ

ಬಳ್ಳಾರಿಯ ಮೆಡಿಕಲ್ ಕಾಲೇಜು (ಹಳಬರಿಗೆ ಈಗಲೂ ಅದು ವಿಮ್ಸ್), ರಾಯಚೂರಿನ ರಿಮ್ಸ್, ಕೊಪ್ಪಳದ ಕಿಮ್ಸ್, ಈ ಮೂರೂ ಸರ್ಕಾರಿ ಸಂಸ್ಥೆಗಳು. ಕಲ್ಯಾಣ ಕರ್ನಾಟಕದವರಿಗೆ ಕಲಬುರಗಿಯಲ್ಲಿ ಜಯದೇವ ಹೃದ್ರೋಗ ಸಂಸ್ಥೆಯ ಆಸ್ಪತ್ರೆ ಇದೆ. ರಾಯಚೂರಿನವರಿಗೆ ರೈಲಿನ ದಾರಿ. ಬಳ್ಳಾರಿ, ಹೊಸಪೇಟೆ ಕಡೆಯವರು ಹಂಪಿ ಎಕ್ಸ್‌ಪ್ರೆಸ್‌ನಲ್ಲಿ ರಾತ್ರಿ ಹತ್ತಿ ಬೆಂಗಳೂರಿಗೆ ಹೋಗುವುದೂ ರೂಢಿ. ಎಲ್ಲಿಗೇ ಹೋಗಿ, ಹೊರಡುವ ಮುನ್ನ ಫೋನ್ ಮಾಡಿ ಕೇಳಿಕೊಳ್ಳಿ: ಆ ವಾರ ಹೃದಯ ತಜ್ಞರು ಇರುತ್ತಾರೆಯೇ, ಕ್ಯಾಥ್ ಲ್ಯಾಬ್ ನಡೆಯುತ್ತಿದೆಯೇ, ಯೋಜನೆಯ ಕಾರ್ಡ್ ಅಲ್ಲಿ ನಡೆಯುತ್ತದೆಯೇ. ಇದನ್ನು ಕೇಳದೆ ನೂರಾರು ಕಿಲೋಮೀಟರ್ ಹೋಗಿ ಬರಿಗೈಲಿ ತಿರುಗಿ ಬರುವವರ ಸಂಕಟ ನೋಡಲಾಗದು.

ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಉಂಟು. ಎಪಿಎಲ್‌ನವರಿಗೆ ಯೋಜನೆಯ ದರದಲ್ಲಿ ಶೇ. 30ರಷ್ಟು, ವರ್ಷಕ್ಕೆ ಒಂದೂವರೆ ಲಕ್ಷದ ಮಿತಿಯೊಳಗೆ. ತುರ್ತಲ್ಲದ ಹೃದಯ ಚಿಕಿತ್ಸೆಗೆ ಖಾಸಗಿ ಆಸ್ಪತ್ರೆಗೆ ಹೋಗುವುದಾದರೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಬೇಕು. ತುರ್ತಿದ್ದರೆ ಬೇಡ. ಯೋಜನೆಗೆ ಸೇರಿದ ಆಸ್ಪತ್ರೆಗಳಲ್ಲಿ ಅದರ ಕೆಲಸ ನೋಡಿಕೊಳ್ಳುವ ಆರೋಗ್ಯಮಿತ್ರರು ಇರುತ್ತಾರೆ. ಅವರ ಮುಂದೆ ಕೂತು ಒಂದು ಮಾತು ಕೇಳಲೇಬೇಕು: ಬರೀ ಆಂಜಿಯೋಗ್ರಾಮ್ ಮಾಡಿ ಬಿಟ್ಟರೆ ಖರ್ಚು ಯಾರದು, ಸ್ಟೆಂಟ್ ಹಾಕಿದರೆ ಯಾರದು? ಇದಕ್ಕೆ ಉತ್ತರ ಅಡ್ಮಿಟ್ ಆಗುವ ಮುನ್ನವೇ ಸಿಗಬೇಕು. ಕಾರ್ಡಿನಲ್ಲಿ ಹಣ ಬರುತ್ತದೆ ಎಂಬ ಒಂದೇ ಕಾರಣಕ್ಕೆ ಸ್ಟೆಂಟಿಗೆ ಒಪ್ಪಿಕೊಳ್ಳುವುದು ನನ್ನ ಪ್ರಕಾರ ತಪ್ಪು. ಲೋಹದ ಆ ಜಾಲರಿ ಜೀವನಪೂರ್ತಿ ಎದೆಯೊಳಗೇ ಇರುವಂಥದ್ದು.

ಒಂದು ಫೈಲಿನಲ್ಲಿ ಹಳೆಯ ಇಸಿಜಿಗಳು (ಎಲ್ಲವೂ, ಬರೀ ಇತ್ತೀಚಿನದಲ್ಲ), ಎಕೋ, ಟಿಎಂಟಿ, ರಕ್ತದ ರಿಪೋರ್ಟು, ರೇಷನ್ ಕಾರ್ಡು, ಆಧಾರ್ ಇರಲಿ. ಗುಳಿಗೆಗಳ ಹೆಸರು ಬರೆದುಕೊಳ್ಳುವ ಬದಲು ಖಾಲಿ ಸ್ಟ್ರಿಪ್‌ಗಳನ್ನೇ ಚೀಲದಲ್ಲಿ ತನ್ನಿ. "ಒಂದು ಬಿಳೇದು, ಒಂದು ಗುಲಾಬಿ" ಎಂದರೆ ನಮಗೆ ಏನೂ ತಿಳಿಯುವುದಿಲ್ಲ.

ಕಿಡ್ನಿ, ಗುಳಿಗೆ, ಅಲರ್ಜಿ

ಜನ ಹೃದಯದ ಬಗ್ಗೆ ಹೆದರುತ್ತಾರೆ. ನಾವು ಮೊದಲು ನೋಡುವುದು ಕಿಡ್ನಿಯನ್ನು. ಬಣ್ಣವನ್ನು ಮೈಯಿಂದ ಹೊರಹಾಕುವುದು ಮೂತ್ರಪಿಂಡ. ಅದು ಮೊದಲೇ ಸೋತಿದ್ದರೆ ಬಣ್ಣದಿಂದ ಇನ್ನಷ್ಟು ಸೋಲಬಹುದು. ಅದಕ್ಕೇ ಕ್ರಿಯಾಟಿನಿನ್ ರಕ್ತ ಪರೀಕ್ಷೆ ಕಡ್ಡಾಯ. ವರದಿಯಲ್ಲಿ ಇಜಿಎಫ್‌ಆರ್, ಅಂದರೆ ಕಿಡ್ನಿ ಎಷ್ಟು ಸೋಸುತ್ತಿದೆ ಎಂದು ಹೇಳುವ ಅಂಕಿ ಇದ್ದರೆ ಅದನ್ನೂ ಕೇಳಿ. 60ಕ್ಕಿಂತ ಕೆಳಗಿದ್ದರೆ ಎಚ್ಚರ, 30ಕ್ಕಿಂತ ಕೆಳಗಿದ್ದರೆ ಹೃದಯದ ಡಾಕ್ಟರೂ ಕಿಡ್ನಿ ಡಾಕ್ಟರೂ ಕೂಡಿ ಮಾತಾಡಿ ತೀರ್ಮಾನಿಸಬೇಕಾದ ವಿಷಯ.

ನಮ್ಮ ಸೀಮೆಯ ಬಿಸಿಲಿನಲ್ಲಿ ಇದಕ್ಕೆ ಇನ್ನೊಂದು ತೂಕ ಇದೆ. ಏಪ್ರಿಲ್-ಮೇನಲ್ಲಿ ರಾಯಚೂರು, ಬಳ್ಳಾರಿ ನಲವತ್ತು ಡಿಗ್ರಿ ದಾಟುತ್ತವೆ. ಹೊಲದಲ್ಲಿ ದುಡಿದು, ಬಸ್ಸಿನಲ್ಲಿ ಬೆಂದು, ನೀರು ಕುಡಿಯದೆ, ಮೇಲೆ ಉಪವಾಸ ಬೇರೆ ಮಾಡಿ ಬರುವವರ ಮೈ ಒಣಗಿರುತ್ತದೆ. ಆ ಸ್ಥಿತಿಯಲ್ಲಿ ಬಣ್ಣ ಬಿದ್ದರೆ ಕಿಡ್ನಿಗೆ ಕಷ್ಟ. ಹಿಂದಿನ ದಿನ ಚೆನ್ನಾಗಿ ನೀರು ಕುಡಿದಿರಿ. ನೀರು ಕಡಿಮೆ ಕುಡಿಯಿರಿ ಎಂದು ಡಾಕ್ಟರು ಹೇಳಿರುವವರು, ಅಂದರೆ ಹೃದಯದ ಪಂಪಿಂಗ್ ಕಡಿಮೆ ಇರುವವರು, ಡಯಾಲಿಸಿಸ್‌ನವರು ಮಾತ್ರ ಕೇಳಿಯೇ ಕುಡಿಯಬೇಕು. ಮೊಣಕಾಲು ನೋವಿಗೆಂದು ಮೆಡಿಕಲ್ ಶಾಪಿನಿಂದ ತಂದು ನುಂಗುವ ಡೈಕ್ಲೋಫೆನಾಕ್ ಥರದ ಗುಳಿಗೆಗಳನ್ನು ಆ ವಾರ ಮುಟ್ಟಬೇಡಿ.

ಔಷಧಿಗಳಲ್ಲಿ ನಾಲ್ಕರ ಬಗ್ಗೆ ಬಾಯಿಬಿಟ್ಟು ಹೇಳಬೇಕು. ಮೆಟ್‌ಫಾರ್ಮಿನ್: ಸಕ್ಕರೆ ಗುಳಿಗೆಯ ಹೆಸರಿನ ಕೊನೆಗೆ 'ಎಂ' ಇದ್ದರೆ ಹೆಚ್ಚಾಗಿ ಅದರೊಳಗೆ ಇದು ಇರುತ್ತದೆ. ಕಿಡ್ನಿ ಸೋತವರಿಗೆ ಇದನ್ನು ನಿಲ್ಲಿಸಿ, 48 ಗಂಟೆಯ ನಂತರ ಕ್ರಿಯಾಟಿನಿನ್ ನೋಡಿ ಮತ್ತೆ ಶುರು ಮಾಡಿಸುತ್ತಾರೆ. ಎರಡನೆಯದು ರಕ್ತ ತೆಳುವಾಗಿಸುವ ವಾರ್ಫರಿನ್, ಅಸಿಟ್ರೋಮ್ ಥರದವು. ಕವಾಟ ಬದಲಾಯಿಸಿಕೊಂಡವರು ಇವನ್ನು ತಾವಾಗಿಯೇ ನಿಲ್ಲಿಸಿದರೆ ಪ್ರಾಣಕ್ಕೇ ಬರುತ್ತದೆ. ಇನ್ಸುಲಿನ್ ತೆಗೆದುಕೊಳ್ಳುವವರು, ಊಟ ಬಿಟ್ಟ ಬೆಳಿಗ್ಗೆ ಎಷ್ಟು ಎಂದು ಮೊದಲೇ ಕೇಳಿಕೊಳ್ಳಬೇಕು. ನಾಲ್ಕನೆಯದು ಸಿಲ್ಡೆನಾಫಿಲ್ ಥರದ ಗುಳಿಗೆ. ಹಿಂದಿನ ಒಂದೆರಡು ದಿನದಲ್ಲಿ ನುಂಗಿದ್ದರೆ ನಾಚಿಕೆ ಬಿಟ್ಟು ಹೇಳಿ. ನಾವು ಕೊಡುವ ನೈಟ್ರೋಗ್ಲಿಸರಿನ್ ಅದರ ಜೊತೆ ಸೇರಿದರೆ ಬಿಪಿ ಪಾತಾಳಕ್ಕೆ ಇಳಿಯುತ್ತದೆ. ಮಕ್ಕಳ ಮುಂದೆ ಹೇಳಲಾಗದಿದ್ದರೆ ನರ್ಸ್ ಹತ್ತಿರ ಒಬ್ಬರೇ ಇದ್ದಾಗ ಹೇಳಿ. ಆಸ್ಪಿರಿನ್ ಅನ್ನು ಮಾತ್ರ ಸಾಮಾನ್ಯವಾಗಿ ನಿಲ್ಲಿಸುವುದಿಲ್ಲ.

ಮೀನು-ಸೀಗಡಿ ತಿಂದರೆ ಮೈ ತುರಿಸುವವರಿಗೆ ಅಯೋಡಿನ್ ಬಣ್ಣ ಆಗುವುದಿಲ್ಲ ಎಂಬ ಮಾತು ಬಹಳ ಹಬ್ಬಿದೆ. ಎರಡಕ್ಕೂ ಸಂಬಂಧವಿಲ್ಲ. ಹಿಂದೆ ಯಾವುದಾದರೂ ಸಿಟಿ ಸ್ಕ್ಯಾನ್‌ನಲ್ಲಿ ಬಣ್ಣ ಹಾಕಿದಾಗ ದದ್ದು ಎದ್ದಿತ್ತೇ, ಉಸಿರು ಕಟ್ಟಿತ್ತೇ ಎಂಬುದೇ ನಮಗೆ ಬೇಕಾದ ಮಾಹಿತಿ. ಆಸ್ತಮಾ, ಥೈರಾಯ್ಡ್ ಇದ್ದರೂ ಹೇಳಿ. ಬಸುರಿ ಇರಬಹುದೆಂಬ ಅನುಮಾನವಿದ್ದರೆ ಮೊದಲು ಅದನ್ನು ಹೇಳಿ.

ಸಹಿ ಹಾಕುವಾಗ

ಒಪ್ಪಿಗೆ ಪತ್ರವನ್ನು ಓದದೆ ಸಹಿ ಮಾಡಬೇಡಿ. ಓದಲು ಬಾರದಿದ್ದರೆ ಓದಿ ಹೇಳಿಸಿಕೊಳ್ಳಿ. ಸಾವು, ಪಾರ್ಶ್ವವಾಯು, ಹಾರ್ಟ್ ಅಟ್ಯಾಕ್ ಎಂದೆಲ್ಲ ಬರೆದಿರುವುದನ್ನು ನೋಡಿ ಗಾಬರಿಯಾಗುವುದು ಸಹಜ. ತುರ್ತಲ್ಲದ ಆಂಜಿಯೋಗ್ರಾಮ್‌ನಲ್ಲಿ ಇಂಥ ದೊಡ್ಡ ತೊಂದರೆ ಸಾವಿರಕ್ಕೆ ಒಬ್ಬಿಬ್ಬರಿಗೆ ಆಗುವಂಥದ್ದು. ಕೈಯಲ್ಲಿ ನೀಲಿಗಟ್ಟುವುದು, ಸಣ್ಣ ಊತ ಮಾತ್ರ ಸಾಮಾನ್ಯ.

ನೀವು ಗಮನವಿಟ್ಟು ನೋಡಬೇಕಾದ್ದು ಇನ್ನೊಂದು ಸಾಲನ್ನು. ಎಷ್ಟೋ ಪತ್ರಗಳಲ್ಲಿ 'ಆಂಜಿಯೋಗ್ರಾಮ್ ಮತ್ತು ಅಗತ್ಯವಿದ್ದರೆ ಆಂಜಿಯೋಪ್ಲಾಸ್ಟಿ' ಎಂದಿರುತ್ತದೆ. ಅಂದರೆ ಮೇಜಿನ ಮೇಲೆ ಮಲಗಿದ್ದಾಗಲೇ ಸ್ಟೆಂಟ್ ಹಾಕಲು ನೀವು ಈಗಲೇ ಒಪ್ಪಿದಂತೆ. ಹಾರ್ಟ್ ಅಟ್ಯಾಕ್ ಆದವರಿಗೆ ಅದೇ ಬೇಕು. ತುರ್ತಿಲ್ಲದವರು, "ಮೊದಲು ಚಿತ್ರ ಮಾತ್ರ ತೆಗೆಯಿರಿ, ಮುಂದಿನದನ್ನು ಕೂತು ಮಾತಾಡೋಣ" ಎಂದು ಹೇಳಬಹುದು. ಅದು ನಿಮ್ಮ ಹಕ್ಕು. ಒಳಗೆ ರೋಗಿ ಮೇಜಿನ ಮೇಲಿರುವಾಗ ಹೊರಗೆ ಮಗನನ್ನು ಗಾಜಿನ ಹತ್ತಿರ ಕರೆದು ಮಾನಿಟರ್ ತೋರಿಸಿ "ತೊಂಬತ್ತು ಪರ್ಸೆಂಟ್ ಇದೆ, ಏನು ಮಾಡೋಣ?" ಎಂದು ಕೇಳಿದರೆ ಯಾವ ಮಗ ಬೇಡ ಎಂದಾನು? ಆ ಗಳಿಗೆಯಲ್ಲಿ ಯೋಚನೆ ಓಡುವುದಿಲ್ಲ. ಮನೆಯಲ್ಲಿ ಎಲ್ಲರೂ ಕೂತು ಮೊದಲೇ ತೀರ್ಮಾನ ಮಾಡಿಕೊಂಡು ಬನ್ನಿ.

ಆ ಬೆಳಿಗ್ಗೆ

ಆಸ್ಪತ್ರೆಯವರು ಹೇಳಿದಷ್ಟು ಹೊತ್ತು, ಸಾಮಾನ್ಯವಾಗಿ ನಾಲ್ಕರಿಂದ ಆರು ಗಂಟೆ, ಊಟ ಮಾಡಬೇಡಿ. ಬಿಪಿ ಗುಳಿಗೆಯನ್ನು ಗುಟುಕು ನೀರಿನಲ್ಲಿ ನುಂಗಬೇಕೋ ಬೇಡವೋ ಕೇಳಿಕೊಳ್ಳಿ. ಮಣಿಕಟ್ಟು, ತೊಡೆಸಂದು ಎರಡೂ ಕಡೆ ಕೂದಲು ತೆಗೆಯುತ್ತಾರೆ. ಕೈಯಲ್ಲಿ ದಾರಿ ಸಿಗದಿದ್ದರೆ ತೊಡೆಯಿಂದ ಹೋಗಬೇಕಾಗುತ್ತದೆ.

ಬಳೆ, ಉಂಗುರ, ಗಡಿಯಾರ, ಬೆಳ್ಳಿಯ ಉಡದಾರ, ತಾಯತ ಮನೆಯಲ್ಲೇ ತೆಗೆದಿಟ್ಟು ಬಂದರೆ ಒಳ್ಳೆಯದು. ಕೊರಳಿನ ಲೋಹ ಹೃದಯದ ಮೇಲೆಯೇ ಬಂದು ಬೀಳುತ್ತದೆ, ಚಿತ್ರದಲ್ಲಿ ಕಪ್ಪಗೆ ಅಡ್ಡ ನಿಲ್ಲುತ್ತದೆ. ತಾಳಿ ತೆಗೆಯಲು ಮನಸ್ಸೊಪ್ಪದ ತಾಯಂದಿರು ಬರೀ ಅರಿಷಿಣದ ದಾರ ಕಟ್ಟಿಕೊಂಡು ಬರುತ್ತಾರೆ. ದಾರದಿಂದ ಚಿತ್ರಕ್ಕೆ ಅಡ್ಡಿ ಇಲ್ಲ. ಲಿಂಗ ಧರಿಸುವವರ ಬೆಳ್ಳಿಯ ಕರಡಿಗೆಯೂ ಸರಿಯಾಗಿ ಎದೆಯ ನಡುವೆ ಬರುತ್ತದೆ. ಮೈಯಿಂದ ಅಗಲಿಸಲು ಇಷ್ಟವಿಲ್ಲದಿದ್ದರೆ ಮೊದಲೇ ಹೇಳಿ, ಎದೆಯಿಂದ ಸರಿಸಿ ತೋಳಿಗೆ ಕಟ್ಟಿಕೊಳ್ಳುವಂತೆ ನೋಡಿಕೊಳ್ಳುತ್ತಾರೆ. ಇದಕ್ಕೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ಮೇಜಿನ ಮೇಲೆ ಮಲಗಿದ ಮೇಲೆ ಗೊತ್ತಾದರೆ ಎಲ್ಲರಿಗೂ ತೊಂದರೆ.

ಮೇಜಿನ ಮೇಲೆ

ಕೋಣೆ ತಣ್ಣಗಿರುತ್ತದೆ, ಯಂತ್ರಕ್ಕಾಗಿ ಎಸಿ ಹಾಕಿರುತ್ತೇವೆ. ಚಳಿಯಾದರೆ ಹೊದಿಕೆ ಕೇಳಿ. ಬಲಗೈಯನ್ನು ಅಂಗೈ ಮೇಲೆ ಮಾಡಿ ಹಲಗೆಯ ಮೇಲಿಟ್ಟು ಕಟ್ಟುತ್ತಾರೆ. ಔಷಧಿ ಹಚ್ಚಿ ಒರೆಸಿ ಹಸಿರು ಬಟ್ಟೆ ಹೊದಿಸುತ್ತಾರೆ. ಮರಗಟ್ಟಿಸುವ ಇಂಜೆಕ್ಷನ್ ಚುರ್ರೆನ್ನುತ್ತದೆ. ಇಡೀ ಕೆಲಸದಲ್ಲಿ ಹೆಚ್ಚಿನವರಿಗೆ ನೋವಾಗುವುದು ಅದೊಂದೇ. ನಾಡಿ ಹಿಡಿದು ನೋಡುವ ಆ ರಕ್ತನಾಳಕ್ಕೆ ಸೂಜಿ ಹಾಕಿ, ಅದರೊಳಗಿಂದ ತಂತಿ, ತಂತಿಯ ಮೇಲೆ ಶೀತ್ ಎಂಬ ಸಣ್ಣ ನಳಿಗೆ ಕೂರಿಸುತ್ತಾರೆ. ನಾಳ ಬಿಗಿಯದಿರಲೆಂದು ಔಷಧಿ ಬಿಟ್ಟಾಗ ತೋಳಿನುದ್ದಕ್ಕೂ ಕೆಲವು ಸೆಕೆಂಡು ಉರಿಯುತ್ತದೆ. ಹೆದರಬೇಡಿ, ಕೈ ಮಾತ್ರ ಎಳೆದುಕೊಳ್ಳಬೇಡಿ.

ಆಮೇಲೆ ಸುಮಾರು ಎರಡು ಮಿಲಿಮೀಟರ್ ದಪ್ಪದ ಕ್ಯಾಥೆಟರ್ ಎಂಬ ಉದ್ದನೆಯ ಕೊಳವೆ ತೋಳಿನಿಂದ ಭುಜಕ್ಕೆ, ಅಲ್ಲಿಂದ ಮಹಾಧಮನಿಗೆ ಇಳಿದು ಹೃದಯದ ನಾಳದ ಬಾಯಿಗೆ ಕೂರುತ್ತದೆ. ಒಳಗೆ ಅದು ಚಲಿಸುವುದು ನಿಮಗೆ ತಿಳಿಯುವುದಿಲ್ಲ. ತೋಳಿನಲ್ಲಿ ಬಿಗಿತ, ನೋವು ಬಂದರೆ ಸುಮ್ಮನಿರದೆ ಹೇಳಿ; ನಾಳ ಹಿಡಿದುಕೊಂಡಿದೆ ಎಂದರ್ಥ, ಔಷಧಿ ಕೊಟ್ಟು ಸಡಿಲಿಸಬಹುದು. ಎಕ್ಸ್‌ರೇಗೆ ರಕ್ತ ಕಾಣುವುದಿಲ್ಲ, ಅಯೋಡಿನ್ ಕಾಣುತ್ತದೆ. ಡಾಕ್ಟರು ಬಣ್ಣ ಒತ್ತಿದ ಕೂಡಲೇ ಬೂದು ಪರದೆಯ ಮೇಲೆ ನಾಳ ಕಪ್ಪಗೆ ಕವಲೊಡೆದು ಮೂಡಿ, ಎರಡು ಮೂರು ಬಡಿತದಲ್ಲಿ ತೊಳೆದುಹೋಗುತ್ತದೆ. ಆ ಎರಡು ಮೂರು ಬಡಿತವನ್ನು ನಾವು ಹಿಡಿಯಬೇಕು. ಅದಕ್ಕೇ "ಉಸಿರು ಎಳಕೊಳ್ರಿ, ಹಿಡೀರಿ, ಅಲ್ಲಾಡಬ್ಯಾಡ್ರಿ" ಎಂದು ಕೂಗುವುದು. ಉಸಿರೆಳೆದರೆ ವಪೆ (ಎದೆಗೂ ಹೊಟ್ಟೆಗೂ ನಡುವಿನ ಪರದೆ) ಕೆಳಗಿಳಿದು ಹೃದಯ ಬಿಚ್ಚಿದಂತೆ ಕಾಣುತ್ತದೆ.

ಯಂತ್ರದ ದೊಡ್ಡ ತಲೆ ಎಡಕ್ಕೆ, ಬಲಕ್ಕೆ, ಮುಖದ ಹತ್ತಿರಕ್ಕೆ ತಿರುಗಿ ಬರುತ್ತದೆ. ಮುಟ್ಟುವುದಿಲ್ಲ. ಒಂದೇ ಕೋನದಿಂದ ನೋಡಿದರೆ ಒಂದು ನಾಳದ ಹಿಂದೆ ಇನ್ನೊಂದು ಅಡಗಿರುತ್ತದೆ, ಒಂದು ಪಕ್ಕದ ಬ್ಲಾಕ್ ಕಾಣದೆ ಹೋಗುತ್ತದೆ. ಎಡನಾಳಕ್ಕೆ ನಾಲ್ಕಾರು, ಬಲನಾಳಕ್ಕೆ ಎರಡು ಮೂರು ಕೋನ ಬೇಕು. ಕೆಲವೊಮ್ಮೆ ಕೊನೆಗೆ ಹೃದಯದ ಕೋಣೆಗೇ ಹೆಚ್ಚು ಬಣ್ಣ ಬಿಡುತ್ತಾರೆ; ಆಗ ತಲೆಯಿಂದ ಕಾಲವರೆಗೆ ಬಿಸಿ ಹರಿದಂತಾಗಿ, ಮೂತ್ರವೇ ಹೋಯಿತೇನೋ ಅನ್ನಿಸುತ್ತದೆ. ಹೋಗಿರುವುದಿಲ್ಲ, ಅರ್ಧ ನಿಮಿಷದಲ್ಲಿ ಇಳಿಯುತ್ತದೆ.

ನಡುವೆ "ಜೋರಾಗಿ ಕೆಮ್ರಿ" ಎಂದರೆ ತಡಮಾಡದೆ ಕೆಮ್ಮಿ. ಇದರ ಹಿಂದೆ ಒಂದು ಘಟನೆ ಇದೆ. 1958ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡ್‌ನಲ್ಲಿ ಮೇಸನ್ ಸೋನ್ಸ್ ಎಂಬ ವೈದ್ಯರು ಮಹಾಧಮನಿಯ ಚಿತ್ರ ತೆಗೆಯುತ್ತಿದ್ದಾಗ ಕ್ಯಾಥೆಟರ್ ಜಾರಿ ಬಲನಾಳದೊಳಗೆ ಹೊಕ್ಕು, ಬಣ್ಣವೆಲ್ಲ ಅಲ್ಲಿಗೇ ಹೋಯಿತು. ಆ ಕಾಲದಲ್ಲಿ ಹೃದಯದ ನಾಳಕ್ಕೆ ನೇರವಾಗಿ ಬಣ್ಣ ಬಿಟ್ಟರೆ ಸಾವೇ ಗತಿ ಎಂದು ನಂಬಿದ್ದರು. ರೋಗಿಯ ಹೃದಯ ಕೆಲವು ಗಳಿಗೆ ನಿಂತಿತು. ಸೋನ್ಸ್ ಕೆಮ್ಮಲು ಕೂಗಿ ಹೇಳಿದರು, ರೋಗಿ ಕೆಮ್ಮಿದ, ಬಡಿತ ಮರಳಿತು. ಇವತ್ತಿನ ಪರೀಕ್ಷೆ ಶುರುವಾದದ್ದು ಅಲ್ಲಿಂದ. ಮಣಿಕಟ್ಟಿನಿಂದ ಹೋಗುವ ದಾರಿಯನ್ನು ಕೆನಡಾದ ಲೂಸಿಯನ್ ಕಾಂಪೊ 1989ರಲ್ಲಿ ವರದಿ ಮಾಡಿದರು. ಅದಕ್ಕೂ ಮುಂಚೆ ಹೆಚ್ಚಿನವರಿಗೆಲ್ಲ ತೊಡೆಯಿಂದಲೇ.

ಚಿತ್ರಕ್ಕೆ ಹಿಡಿಯುವುದು ಹದಿನೈದರಿಂದ ಮೂವತ್ತು ನಿಮಿಷ. ಬೀಳುವ ವಿಕಿರಣ, ಎರಡು ಮೂರು ವರ್ಷದಲ್ಲಿ ನೆಲದಿಂದ, ಆಕಾಶದಿಂದ ಸಹಜವಾಗಿ ನಮ್ಮ ಮೇಲೆ ಬೀಳುವಷ್ಟು. ನಾವು ಸೀಸದ ಅಂಗಿ ತೊಡುವುದು ದಿನವೂ ಅಲ್ಲೇ ನಿಲ್ಲುವವರಾದ್ದರಿಂದ.

ರಿಪೋರ್ಟಿನಲ್ಲಿ ಏನಿರುತ್ತದೆ

ಎಡ ಮುಖ್ಯನಾಳ ಎಲ್‌ಎಂಸಿಎ. ಅದು ಒಡೆದು ಮುಂದಿನ ಗೋಡೆಗೆ ಎಲ್‌ಎಡಿ, ಪಕ್ಕಕ್ಕೆ ಎಲ್‌ಸಿಎಕ್ಸ್. ಬಲಗಡೆಯದು ಆರ್‌ಸಿಎ. ಉಪಕವಲುಗಳಿಗೆ ಡಿ1, ಓಎಂ1, ಪಿಡಿಎ ಎಂದೆಲ್ಲ ಹೆಸರು. ಪ್ರಾಕ್ಸಿಮಲ್ ಎಂದರೆ ನಾಳದ ಶುರುವಿನಲ್ಲಿ, ಮಿಡ್ ನಡುವೆ, ಡಿಸ್ಟಲ್ ತುದಿಯಲ್ಲಿ. ಎಸ್‌ವಿಡಿ, ಡಿವಿಡಿ, ಟಿವಿಡಿ ಎಂದರೆ ಒಂದು, ಎರಡು, ಮೂರು ಮುಖ್ಯನಾಳದಲ್ಲಿ ಬ್ಲಾಕ್. ಟಿಮಿ 3 ಎಂದರೆ ರಕ್ತ ಸರಾಗ ಹರಿಯುತ್ತಿದೆ. ಸಿಟಿಓ ಎಂದರೆ ಮೂರು ತಿಂಗಳಿಗಿಂತ ಹಳೆಯದಾದ, ಪೂರ್ತಿ ಮುಚ್ಚಿದ ನಾಳ. ರೈಟ್ ಡಾಮಿನೆಂಟ್ ಎಂದು ಬರೆದಿದ್ದರೆ ಅದು ರೋಗವಲ್ಲ, ಹೆಚ್ಚಿನವರ ಹೃದಯ ಹಾಗೆಯೇ ಇರುತ್ತದೆ.

ಜನ ಪರ್ಸೆಂಟೇಜ್ ಒಂದನ್ನೇ ಹಿಡಿದು ಕೂರುತ್ತಾರೆ. ಎಲ್ಲಿದೆ ಎಂಬುದು ಅದಕ್ಕಿಂತ ದೊಡ್ಡ ಮಾತು. ತುಂಗಭದ್ರಾ ಎಡದಂಡೆ ಕಾಲುವೆ ನಂಬಿ ಭತ್ತ ಹಾಕುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ಮುಖ್ಯ ಕಾಲುವೆಯಲ್ಲಿ ಅರ್ಧ ಹೂಳು ತುಂಬಿದರೆ ಕೊನೆಭಾಗದ ಊರಿಗೆಲ್ಲ ನೀರಿಲ್ಲ, ತುದಿಯ ಹೊಲಗಾಲುವೆ ಪೂರ್ತಿ ಮುಚ್ಚಿದರೂ ಒಣಗುವುದು ಒಂದೆರಡು ಎಕರೆ. ಎಡ ಮುಖ್ಯನಾಳದಲ್ಲಿ 50 ಪರ್ಸೆಂಟ್ ಎಂದರೆ ಗಂಭೀರ. ಬೇರೆ ನಾಳಗಳಲ್ಲಿ 70 ದಾಟಿದರೆ ಲೆಕ್ಕಕ್ಕೆ. ಸಣ್ಣ ಕವಲಿನಲ್ಲಿ 90 ಇದ್ದರೂ ಗುಳಿಗೆಯಲ್ಲೇ ನಡೆಯಬಹುದು.

ಈ ಪರ್ಸೆಂಟ್ ಅನ್ನು ಎಷ್ಟೋ ಸಲ ಕಣ್ಣಳತೆಯಲ್ಲೇ ಹೇಳುತ್ತಾರೆ. 50ಕ್ಕೂ 70ಕ್ಕೂ ನಡುವೆ ಅನುಮಾನವಿದ್ದರೆ ಎಫ್‌ಎಫ್‌ಆರ್ ಎಂಬ ಒತ್ತಡದ ತಂತಿ ಹಾಕಿ, ಬ್ಲಾಕಿನ ಹಿಂದೆ-ಮುಂದೆ ರಕ್ತದ ಒತ್ತಡ ಅಳೆಯುತ್ತಾರೆ. 0.80 ಅಥವಾ ಅದಕ್ಕಿಂತ ಕಡಿಮೆ ಬಂದರೆ ಆ ಬ್ಲಾಕ್ ನಿಜಕ್ಕೂ ರಕ್ತ ತಡೆಯುತ್ತಿದೆ ಎಂದರ್ಥ. ನಾಳದ ಒಳಗಿನಿಂದಲೇ ಗೋಡೆ ನೋಡುವ ಐವಸ್, ಓಸಿಟಿ ಎಂಬ ವಿಧಾನಗಳೂ ಇವೆ. ಏಕೆಂದರೆ ಆಂಜಿಯೋಗ್ರಾಮ್ ತೋರಿಸುವುದು ರಕ್ತ ಹರಿಯುವ ದಾರಿಯನ್ನು ಮಾತ್ರ, ಗೋಡೆಯೊಳಗಿನ ಕೊಬ್ಬನ್ನಲ್ಲ. 'ಮೈಲ್ಡ್' ಎಂದು ಬರೆದ ಕಡೆಯೇ ಗೋಡೆ ಬಿರಿದು ಹಾರ್ಟ್ ಅಟ್ಯಾಕ್ ಆಗುವುದುಂಟು. ಹೀಗಾಗಿ ಬ್ಲಾಕ್ ಸಣ್ಣದು ಎಂದ ಕೂಡಲೇ ಕೊಲೆಸ್ಟರಾಲ್ ಗುಳಿಗೆ ಬಿಡಬೇಡಿ, ಬೀಡಿಗೆ ಮರಳಬೇಡಿ.

ಸ್ಟೆಂಟೋ, ಬೈಪಾಸೋ, ಗುಳಿಗೆಯೋ

ಹಾರ್ಟ್ ಅಟ್ಯಾಕ್‌ನಲ್ಲಿ ಸ್ಟೆಂಟ್ ಜೀವ ಉಳಿಸುತ್ತದೆ, ಅದರಲ್ಲಿ ಎರಡು ಮಾತಿಲ್ಲ. ತುರ್ತಿಲ್ಲದ, ನಡೆದಾಗ ಮಾತ್ರ ನೋವು ಬರುವವರ ಕಥೆ ಬೇರೆ. 2007ರ ಕರೇಜ್, 2020ರಲ್ಲಿ ಪ್ರಕಟವಾದ, 5,000ಕ್ಕೂ ಹೆಚ್ಚು ರೋಗಿಗಳಿದ್ದ ಇಸ್ಕೀಮಿಯಾ, ಈ ಎರಡು ದೊಡ್ಡ ಅಧ್ಯಯನಗಳಲ್ಲಿ ಸರಿಯಾಗಿ ಗುಳಿಗೆ ತೆಗೆದುಕೊಂಡವರಿಗಿಂತ ಸ್ಟೆಂಟ್ ಹಾಕಿಸಿಕೊಂಡವರು ಹೆಚ್ಚು ಕಾಲ ಬದುಕಿದ್ದು ಕಾಣಲಿಲ್ಲ. ಎದೆನೋವು ಮಾತ್ರ ಚೆನ್ನಾಗಿ ಕಡಿಮೆಯಾಯಿತು. ಎಡ ಮುಖ್ಯನಾಳದ ದೊಡ್ಡ ಬ್ಲಾಕ್ ಇದ್ದವರನ್ನು ಅವುಗಳಲ್ಲಿ ಸೇರಿಸಿರಲಿಲ್ಲ, ಅವರಿಗೆ ಈ ಮಾತು ಹೊಂದುವುದಿಲ್ಲ. ಸಕ್ಕರೆ ಕಾಯಿಲೆಯಿದ್ದು ಹಲವು ನಾಳಗಳಲ್ಲಿ ಬ್ಲಾಕ್ ಇರುವವರಿಗೆ ಸ್ಟೆಂಟಿಗಿಂತ ಬೈಪಾಸ್ (ಆಪರೇಷನ್ ಮಾಡಿ ರಕ್ತಕ್ಕೆ ಬೇರೆ ದಾರಿ ಜೋಡಿಸುವುದು) ಮೇಲು ಎಂದು 2012ರ ಫ್ರೀಡಂ ಅಧ್ಯಯನ ತೋರಿಸಿತು.

ಆದ್ದರಿಂದ ಆಂಜಿಯೋಗ್ರಾಮ್‌ನ ಸಿಡಿ ಕೇಳಿ ಪಡೆಯಿರಿ. ಕಾಗದದ ರಿಪೋರ್ಟು ಸಾಲದು. ಚಲಿಸುವ ಚಿತ್ರವನ್ನು ನೋಡದೆ ಯಾವ ತಜ್ಞರೂ ಎರಡನೆಯ ಅಭಿಪ್ರಾಯ ಹೇಳಲಾರರು. ತ್ರಿನಾಳ ಬ್ಲಾಕ್ ಇದ್ದರೆ ಹೃದಯದ ಶಸ್ತ್ರಚಿಕಿತ್ಸಕರಿಗೂ ತೋರಿಸಿ. ಸ್ಟೆಂಟ್ ಎಂದೇ ಆದರೆ, 2017ರಿಂದ ಅದರ ಬೆಲೆಗೆ ಕೇಂದ್ರ ಸರ್ಕಾರ ಗರಿಷ್ಠ ಮಿತಿ ಹಾಕಿದೆ. ಬಿಲ್ಲಿನಲ್ಲಿ ಸ್ಟೆಂಟಿನ ಹೆಸರು, ಬೆಲೆ ಬೇರೆಯಾಗಿ ಬರೆಸಿಕೊಳ್ಳಿ, ಡಬ್ಬಿಯ ಮೇಲಿನ ಸ್ಟಿಕ್ಕರ್ ಫೈಲಿಗೆ ಅಂಟಿಸಿಕೊಳ್ಳಿ. ಸ್ಟೆಂಟ್ ಹಾಕಿದ ಮೇಲೆ ಕೊಡುವ ಎರಡು ರಕ್ತ ತೆಳುವಿನ ಗುಳಿಗೆಗಳನ್ನು ಹಲ್ಲು ಕೀಳಿಸಲಿಕ್ಕೂ ಹೃದಯದ ಡಾಕ್ಟರನ್ನು ಕೇಳದೆ ನಿಲ್ಲಿಸಬೇಡಿ.

ಕೈ ಕಾಪಾಡಿಕೊಳ್ಳುವುದು

ಮಣಿಕಟ್ಟಿಗೆ ಗಾಳಿ ತುಂಬಿದ ಪಟ್ಟಿ ಬಿಗಿದಿರುತ್ತಾರೆ. ಕೆಲವು ಗಂಟೆಯಲ್ಲಿ ಸ್ವಲ್ಪ ಸ್ವಲ್ಪವೇ ಸಡಿಲಿಸುತ್ತಾರೆ. ಬೆರಳು ಮರಗಟ್ಟಿದರೆ, ತಣ್ಣಗೆ ನೀಲಿಯಾದರೆ ಹೇಳಿ. ತೊಡೆಯಿಂದ ಮಾಡಿದ್ದರೆ ನಾಲ್ಕರಿಂದ ಆರು ಗಂಟೆ ಕಾಲು ಮಡಚದೆ ಮಲಗಬೇಕು. ನೀರು, ಮಜ್ಜಿಗೆ ಚೆನ್ನಾಗಿ ಕುಡಿದು ಬಣ್ಣ ಮೂತ್ರದಲ್ಲಿ ಹೋಗುವಂತೆ ಮಾಡಿ (ನೀರಿನ ಮಿತಿ ಇರುವವರನ್ನು ಬಿಟ್ಟು).

ಆ ಕೈಯಲ್ಲಿ ಐದು ದಿನ ಭಾರ ಎತ್ತಬೇಡಿ, ಕೊಡ ಹೊರಬೇಡಿ, ಎರಡು ಮೂರು ದಿನ ಬೈಕ್ ಬೇಡ; ಆಕ್ಸಿಲರೇಟರ್ ತಿರುಗಿಸುವುದು ಅದೇ ಮಣಿಕಟ್ಟು. ಮನೆಯ ಹೆಣ್ಣುಮಕ್ಕಳಿಗೆ ಇದನ್ನು ಒತ್ತಿ ಹೇಳಬೇಕು. ಮರುದಿನವೇ ಹಿಟ್ಟು ನಾದಿ ರೊಟ್ಟಿ ಬಡಿಯಲು ಕೂರುತ್ತಾರೆ. ಜೋಳದ ರೊಟ್ಟಿ ಬಡಿಯುವಾಗ ಅಂಗೈಯ ಬುಡದ ಮೇಲೆ ಬೀಳುವ ಒತ್ತಡ ನೇರವಾಗಿ ಆ ರಂಧ್ರದ ಮೇಲೆ. ಆ ಐದು ದಿನ ರೊಟ್ಟಿ ಬೇರೆಯವರು ಮಾಡಲಿ, ಇಲ್ಲವೇ ಅಂಗಡಿಯ ಕಟಕ್ ರೊಟ್ಟಿ ತನ್ನಿ.

ರಕ್ತ ಚಿಮ್ಮಿದರೆ ಅರಿಷಿಣ, ಕಾಫಿಪುಡಿ ಮೆತ್ತಬೇಡಿ. ರಂಧ್ರದ ಮೇಲೆ ಬೆರಳಿಟ್ಟು ಗಟ್ಟಿಯಾಗಿ ಒತ್ತಿ, ಕೈ ಮೇಲೆತ್ತಿ, ಒತ್ತಿದ ಬೆರಳು ತೆಗೆಯದೆ ಆಸ್ಪತ್ರೆಗೆ ಬನ್ನಿ. ತೊಡೆಯಲ್ಲಾದರೆ ಮಲಗಿಸಿ ಒತ್ತಿಹಿಡಿದು 108ಕ್ಕೆ ಫೋನ್ ಮಾಡಿ. ನೀಲಿಗಟ್ಟಿದ್ದು ಎರಡು ವಾರದಲ್ಲಿ ಹಳದಿಯಾಗಿ ಹೋಗುತ್ತದೆ. ಊತ ಬೆಳೆಯುತ್ತಿದ್ದರೆ, ಜ್ವರ ಬಂದರೆ, ಮೂತ್ರ ಕಡಿಮೆಯಾದರೆ ತಡಮಾಡಬೇಡಿ. ಕಿಡ್ನಿ ತೊಂದರೆ ಇರುವವರು ಎರಡು ಮೂರು ದಿನಕ್ಕೆ ಕ್ರಿಯಾಟಿನಿನ್ ಮತ್ತೊಮ್ಮೆ ಮಾಡಿಸಬೇಕು, ಅದನ್ನು ನಿಮ್ಮೂರಿನ ಲ್ಯಾಬ್‌ನಲ್ಲೇ ಮಾಡಿಸಿ ರಿಪೋರ್ಟಿನ ಫೋಟೋ ಡಾಕ್ಟರಿಗೆ ಕಳಿಸಿದರೂ ಆಯಿತು. ಸಿಡಿಯ ಮೇಲೆ ಹೆಸರು, ತಾರೀಖು ಬರೆದು, ಒಂದು ಪ್ರತಿಯನ್ನು ಪೆನ್ ಡ್ರೈವ್‌ಗೂ ಹಾಕಿಸಿ, ಬಿಸಿಲು ತಾಗದ ಕಡೆ ರೇಷನ್ ಕಾರ್ಡಿನ ಜೊತೆಗೇ ಇಡಿ.